ಅಕ್ಕನ ಬಾಗಿಲಿನ ಕಾಗುಣಿತ

ದೆವ್ವಕ್ಕೂ ಅಪಾಯಿಂಟ್‌ಮೆಂಟ್ ಕೊಟ್ಟು ಕಾಯಿಸುವ ಹೆಂಗಸು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ವಾರಗಿತ್ತಿ! ಡಾಕ್ಟರು ನಮ್ಮನ್ನು ಕಾಯಿಸುತ್ತಾರೆ, ವೀಸಾ ಆಫೀಸಿನವರು ಕಾಯಿಸುತ್ತಾರೆ, ಹಬ್ಬದ ದಿನ ಇರ್ವಿಂಗ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಸಾಕ್ಷಾತ್ ದೇವರೇ ಕಾಯಿಸುತ್ತಾನೆ. ಆದರೆ ದೆವ್ವವನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಆರಾಮಾಗಿ ಕಾಫಿ ಕುಡಿಯುವುದಕ್ಕೆ ಬೇರೆಯೇ ಗುಂಡಿಗೆ ಬೇಕು. ನನಗಂತೂ ಇಲ್ಲ. ನಾನು ಸಂಜೆ ಕಸದ ಡಬ್ಬಿ ಹೊರಗಿಡುವಾಗಲೂ ಆಂಜನೇಯನ ಹೆಸರು ಹೇಳುವವಳು.

ಅಕ್ಕ ನಮ್ಮ ಯಜಮಾನರ ಅಣ್ಣನ ಹೆಂಡತಿ. ನಮ್ಮ ಹಾಗೇ ಪರದೇಶಕ್ಕೆ ಬಂದು ನೆಲೆಸಿದವರು, ಕಾದಂಬರಿ ಬರೆಯುತ್ತಾರೆ. ಮನೆ ಲಿಟಲ್ ಎಲ್ಮ್‌ನಲ್ಲಿ, ಲೇಕಿನ ದಂಡೆಗೆ. ಆ ಹೊಸ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಇಡ್ಲಿಗಳ ಹಾಗಿವೆ. ಆದರೂ ಅಕ್ಕನ ಮನೆಯ ಗುರುತು ಯಾರಿಗೂ ತಪ್ಪುವುದಿಲ್ಲ. ಮುಂಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಎರಡು ಪದ ಬರೆದಿರುತ್ತದೆ: ನಾಳೆ ಬಾ.

ಅಕ್ಕ ಚಿಕ್ಕವರಿದ್ದಾಗ ಬೆಂಗಳೂರಿನಲ್ಲಿ ಅವರ ಬೀದಿಯ ಮನೆಮನೆಗೂ ಹೀಗೆ ಬರೆದಿದ್ದರಂತೆ. ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ತೆರೆದರೆ ಕತೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಅಂತಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ನಾಳೆ! ಎಂಥ ವಿಧೇಯ ದೆವ್ವ ನೋಡಿ. ನಮ್ಮ ಮಗಳು ಒಂದು ದಿನವಾದರೂ ಇಷ್ಟು ಮಾತು ಕೇಳಿದ್ದಾಳೆಯೇ?

ಬಾಗಿಲ ಮೇಲೆ ಏನೋ ಗೀಚಿದೆಯಲ್ಲ, ಅದೇನು ಎಂದು ಬಡಾವಣೆಯ ಸಂಘದವರು ಕಾಗದ ಹಾಕಿದರು. ಅಕ್ಕ ಉತ್ತರ ಬರೆದರು: "ನಮ್ಮ ಭಾಷೆಯಲ್ಲಿ ಸುಸ್ವಾಗತ ಅಂತ ಅರ್ಥ."

"ಅಕ್ಕಾ, ಸುಳ್ಳು ಹೇಳಬಹುದಾ?" ಅಂದೆ.

"ಸುಳ್ಳೆಲ್ಲಿ ಬಂತೇ? ಬಾ ಅಂತ ತಾನೆ ಬರೆದಿರೋದು, ಹೋಗು ಅಂತ ಅಲ್ವಲ್ಲ!"

ಅವತ್ತು ನಕ್ಕುಬಿಟ್ಟೆ.

ಭಾವನ ವಿಷಯ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಭಾವ ದೇವರಂಥ ಮನುಷ್ಯ. ದೇವರ ಹಾಗೆಯೇ, ಕೇಳಿದ್ದನ್ನು ತಕ್ಷಣ ಕೊಡುತ್ತಿರಲಿಲ್ಲ. ಎಲ್ಲವೂ ನಾಳೆ. ಓದಿದ್ದು ದೆಹಲಿಯಲ್ಲಾದ್ದರಿಂದ ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಅಕ್ಕನ ಕೈಯಲ್ಲಿ. ಲ-ಳ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಫ್ರಿಜ್ಜಿನ ಮೇಲೆ ಅವರ ಚೀಟಿಗಳು ಸಾಲಾಗಿ ಅಂಟಿರುತ್ತಿದ್ದವು: 'ನಲ್ಲಿ ರಿಪೇರಿ, ನಾಲೆ.' 'ಕಾರ್ ಸರ್ವಿಸ್, ನಾಲೆ.' ಎಲ್ಲಕ್ಕಿಂತ ಹಳೆಯದು, ಬಣ್ಣವೇ ಹೋಗಿದ್ದದ್ದು: 'ಗ್ರೀಸ್ ಟಿಕೆಟ್, ನಾಲೆ.'

"ನೋಡೇ, ಇವರು ನನ್ನ ಆಸೇನೆಲ್ಲ ನಾಲೆಗೆ ಬಿಟ್ಟುಬಿಟ್ಟಿದ್ದಾರೆ! ಯಾವ ಗದ್ದೆಗೆ ಹರೀತಿದೆಯೋ!" ಎಂದು ಅಕ್ಕ ಅವರ ಎದುರಿಗೇ ಹಂಗಿಸುತ್ತಿದ್ದರು. ಭಾವ ಗಂಟಲು ಸರಿಮಾಡಿಕೊಂಡು ನಗುತ್ತಿದ್ದರು. ಆಫೀಸಿನಿಂದ ಬಂದಾಗಲೂ ಅಷ್ಟೇ, ಬೆಲ್ ಇದ್ದರೂ ಮೂರು ಸಲ ಬಾಗಿಲು ತಟ್ಟಿ ಗಂಟಲು ಸರಿಮಾಡುವರು: ಎರಡು ಗಿಡ್ಡ, ಒಂದು ಉದ್ದ. ಹೋದ ವರ್ಷದ ಹಿಂದಿನ ವರ್ಷ ಒಂದು ಮಂಗಳವಾರ ಆಫೀಸಿನಿಂದ ಬರಲಿಲ್ಲ. ಕೂತ ಕುರ್ಚಿಯಲ್ಲೇ ಹೋಗಿದ್ದರು. ನರಳಲಿಲ್ಲ, ಅದೊಂದು ಪುಣ್ಯ.

ಈ ನವೆಂಬರಿನಲ್ಲಿ ಅಕ್ಕ ಒಬ್ಬರೇ ಗ್ರೀಸಿಗೆ ಹೊರಟು ನಿಂತರು. ಪುಸ್ತಕ ಮುಗಿಸಬೇಕಂತೆ. ಜನ ಬೇಸಿಗೆಯಲ್ಲಿ ಹೋಗುವ ದ್ವೀಪಕ್ಕೆ ಚಳಿಗಾಲದಲ್ಲಿ! ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅರ್ಚಕರ ಹತ್ತಿರ ಸಂಕಲ್ಪ ಮಾಡಿಸುವಾಗ "ಸಮುದ್ರಮಧ್ಯೆ" ಅಂತ ಹೇಳಿಸಿಬಿಟ್ಟೆ.

ದಿನಾ ನಮ್ಮ ಬೆಳಿಗ್ಗೆ ಎಂಟಕ್ಕೆ ಅಕ್ಕನ ವಿಡಿಯೋ ಕಾಲ್. ಅಲ್ಲಿ ಆಗ ಸಂಜೆ ನಾಲ್ಕು. ಧನುರ್ಮಾಸದ ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಿದ್ದೆ. ಊರಿಗೆಲ್ಲ ತೆರೆದಿರುವುದು ಒಂದು ಬ್ರೆಡ್ ಅಂಗಡಿ. ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಮಗುಚಿಹಾಕಿದ್ದಾರೆ. ಬೀದಿಯಲ್ಲಿ ಮನುಷ್ಯರಿಗಿಂತ ಬೆಕ್ಕು ಹೆಚ್ಚು. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಒಲೆಗೆ ಸೌದೆ ಒಟ್ಟುವುದು, ನಾಲ್ಕಕ್ಕೆ ಕಾಫಿ, ಆಮೇಲೆ ಗಾಳಿಯ ಸದ್ದು ಕೇಳುವುದು. ಕೆಳಗಿನ ಮನೆಯಲ್ಲಿ ಕಪ್ಪು ಬಟ್ಟೆಯ ಮುದುಕಿ, ಮನೆಯೊಡತಿ. ಆಕೆಗೆ ಇಂಗ್ಲಿಷ್ ಬಾರದು.

"ಮತ್ತೆ ಹೇಗೆ ಮಾತಾಡ್ತೀರಿ ಅಕ್ಕ?"

"ಅವಳು ಗ್ರೀಕು, ನಾನು ಕನ್ನಡ. ಮಂಡಿನೋವಿನ ವಿಷಯಕ್ಕೆ ವ್ಯಾಕರಣ ಬೇಕೇನೆ?"

ಕ್ರಿಸ್‌ಮಸ್ ಹತ್ತಿರ ಬರುತ್ತಲೇ ಮುದುಕಿ ತನ್ನ ಬಾಗಿಲಿಗೆ ಒಂದು ಜರಡಿ ನೇತುಹಾಕಿದಳಂತೆ. ಆ ಕಾಲಕ್ಕೆ ಅಲ್ಲಿ ನೆಲದೊಳಗಿನಿಂದ ಕುಳ್ಳ ಪಿಶಾಚಿಗಳು ಎದ್ದು ಬರುತ್ತವೆ. ಬಂದವು ಜರಡಿಯ ತೂತು ಎಣಿಸುತ್ತ ಕೂರುತ್ತವೆ. ಮೂರು ಪವಿತ್ರ ಸಂಖ್ಯೆ, ಅದನ್ನು ಹೇಳಲಾಗದೆ ಒಂದು, ಎರಡು, ಮತ್ತೆ ಒಂದು, ಎರಡು... ಅಷ್ಟರಲ್ಲಿ ಬೆಳಗಾಗುತ್ತದೆ. ಬ್ರೆಡ್ ಅಂಗಡಿಯ ಹುಡುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳಂತೆ.

"ನೋಡು, ನಮ್ಮ ದೆವ್ವಕ್ಕೆ ಓದು ಬರತ್ತೆ, ಇವರ ದೆವ್ವಕ್ಕೆ ಲೆಕ್ಕ ಬರಲ್ಲ!" ಎಂದು ಅಕ್ಕ ಹೆಮ್ಮೆಯಿಂದ ನಕ್ಕರು. ಪೈಪೋಟಿಗೆ ಬಿದ್ದವರಂತೆ ಮಹಡಿಯ ತಮ್ಮ ನೀಲಿ ಬಾಗಿಲ ಮೇಲೆ 'ನಾಳೆ ಬಾ' ಬರೆದು ಫೋನಿನಲ್ಲಿ ತೋರಿಸಿದರು.

ಆಮೇಲೆ ಶುರುವಾಯಿತು ನೋಡಿ.

ಮೊದಲ ದಿನ ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಫೋನಿನೊಳಗಿನಿಂದ ಟಕ್, ಟಕ್, ಟಕ್.

"ಅಕ್ಕಾ, ಯಾರೋ ಬಾಗಿಲು ತಟ್ತಿದ್ದಾರೆ."

"ಹೂಂ." ಕಾಫಿ ಊದಿಕೊಂಡು ಕುಡಿದರು. "ಓದ್ಕೊಂಡು ಹೋಗ್ತಾರೆ ಬಿಡು."

ಮರುದಿನವೂ ಅಲ್ಲಿಯ ನಾಲ್ಕೂಕಾಲಿಗೆ, ಮೂರೇ ಸಲ. ಗಡಿಯಾರ ನೋಡಿದೆ. ಅದರ ಮರುದಿನವೂ. "ಗಾಳಿ ಕಣೆ" ಅಂದರು ನಮ್ಮವರು. "ಮಾಮ್, ಇಟ್ಸ್ ಜಸ್ಟ್ ದ ವಿಂಡ್" ಅಂದಳು ಮಗಳು. ಗಾಳಿಗೆ ಮೂರರವರೆಗೆ ಎಣಿಸಲು ಬರುತ್ತದೆಯೇ? ಆ ದ್ವೀಪದ ಪಿಶಾಚಿಗೇ ಬರುವುದಿಲ್ಲವಲ್ಲ! ಅಂದಿನಿಂದ ಫೋನಿನ ಪಕ್ಕದಲ್ಲಿ ಕುಂಕುಮದ ಭರಣಿ ಇಟ್ಟುಕೊಂಡೆ. ಆರು ಸಾವಿರ ಮೈಲಿ ದೂರಕ್ಕೆ ಕುಂಕುಮ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಬೇಡಿ. ವೈಫೈ ಹೇಗೆ ಮಾಡುತ್ತದೆ ಎಂದು ನಾನು ಕೇಳಿದ್ದೇನೆಯೇ?

ನಾಲ್ಕನೆಯ ದಿನ ತಟ್ಟಿದ ಮೇಲೆ ಇನ್ನೊಂದು ಸದ್ದು ಬಂತು. ಬಾಗಿಲಾಚೆ ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಗಿಡ್ಡ, ಒಂದು ಉದ್ದ.

ನಮ್ಮವರು ಲೋಟ ತುಟಿಗೆತ್ತುತ್ತಿದ್ದವರು ಹಾಗೆಯೇ ನಿಂತರು. ಫೋನಿನಲ್ಲಿ ಅಕ್ಕ ತಲೆಯೆತ್ತಲಿಲ್ಲ, ಸೆರಗಿನಿಂದ ಮೇಜು ಒರೆಸುತ್ತಿದ್ದರು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ನಮ್ಮವರು ಲೋಟ ಕೆಳಗಿಟ್ಟು ಗ್ಯಾರೇಜಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಲಿಲ್ಲ, ಅದೊಂದು ಪುಣ್ಯ.

ಬಂದವರೇ, "ಅತ್ತಿಗೇನ ವಾಪಸ್ ಕರೆಸಬೇಕು" ಅಂದರು. ಆಗ ತಿಳಿಯಿತು ಇನ್ನೊಂದು ವಿಷಯ. ಅಕ್ಕನ ಹೃದಯದ ಮಾತ್ರೆ ಮುಗಿಯುವುದು ಕ್ರಿಸ್‌ಮಸ್ಸಿನ ಹಿಂದಿನ ದಿನ. ದ್ವೀಪದ ಔಷಧಿ ಅಂಗಡಿಯವನು ಬಾಗಿಲು ಹಾಕಿ ಮಗಳ ಊರಿಗೆ ಹೋಗಿದ್ದಾನೆ. ಹಬ್ಬಕ್ಕೆ ಮೊದಲಿನ ಕೊನೆಯ ಹಡಗು ಇನ್ನು ಮೂರು ದಿನಕ್ಕೆ. ತಪ್ಪಿದರೆ ಹೊಸ ವರ್ಷ ಕಳೆದ ಮೇಲೆಯೇ. ನಮ್ಮವರು ಆ ಹಡಗಿಗೆ ಹೊಂದುವ ವಿಮಾನದ ಟಿಕೆಟ್ ತೆಗೆದೇಬಿಟ್ಟರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ.

"ಕೊನೇ ಪುಟ ಬರ್ತಿಲ್ಲ ಕಣೆ."

"ಮಾತ್ರೆ ಇಲ್ಲದೆ ಪುಟ ಬರತ್ತಾ ಅಕ್ಕ? ಪುಟ ಇಲ್ಲಿ ಬಂದು ಬರೀರಿ, ಹುಗ್ಗಿ ಮಾಡಿಕೊಡ್ತೀನಿ."

"ನಿನ್ನ ಹುಗ್ಗೀಲಿ ಮೆಣಸು ಜಾಸ್ತಿ."

ಮಾತು ತೇಲಿಸುವುದರಲ್ಲಿ ಅವರನ್ನು ಮೀರಿಸುವವರು ಉಂಟೇ? ಎರಡು ದಿನ ಹೀಗೇ ಹೋಯಿತು. ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟು, ಆ ಹಠಮಾರಿಯನ್ನು ಹಡಗು ಹತ್ತಿಸಪ್ಪಾ ಎಂದು ಕೇಳಿಕೊಂಡೆ.

ಹಡಗಿನ ಹಿಂದಿನ ದಿನ ಅಕ್ಕ ಫೋನು ಮಾಡಿದಾಗ ಕಾಫಿ ಇರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ.

"ರಾತ್ರಿಯೆಲ್ಲ ಬಿರುಗಾಳಿ, ಮಳೆ ಕಣೆ. ಬಾಗಿಲ ಮೇಲಿಂದು ತೊಳೆದುಹೋಗಿತ್ತು. ಈಗ ಹೊಸದಾಗಿ ಬರೆಯೋಣ ಅಂತ ತೆಗೆದೆ..." ಎಂದು ಫೋನನ್ನು ಬಾಗಿಲಿನತ್ತ ತಿರುಗಿಸಿದರು.

ಇನ್ನೂ ಒದ್ದೆಯಾಗಿದ್ದ ನೀಲಿ ಮರದ ಮೇಲೆ ಬೆಳ್ಳಗೆ, ದೊಡ್ಡದಾಗಿ, ಓರೆಯಾಗಿ ಅಕ್ಷರಗಳಿದ್ದವು. ನಾಲೆ ಬಾ.

ಳ ಇರಬೇಕಾದ ಕಡೆ ಲ ಕೂತಿತ್ತು.

ಕುಂಕುಮದ ಭರಣಿಗೆ ಕೈ ಹಾಕಿದೆ. "ಮುದುಕಿ ಬರೆದಿರಬೇಕು ಅಕ್ಕ. ದಿನಾ ನೋಡಿರ್ತಾಳಲ್ಲ, ನಿಮ್ಮದನ್ನೇ ನಕಲು ಮಾಡಿರ್ತಾಳೆ."

"ಕೇಳಿದೆ. ಬಾಗಿಲು ನೋಡಿ ಎದೆ ಮುಟ್ಟಿಕೊಂಡು ಕೆಳಗೆ ಇಳಿದುಹೋದಳು."

ಆಮೇಲೆ ಅಕ್ಕ ತಮ್ಮಷ್ಟಕ್ಕೆ ಹೇಳುವಂತೆ ಹೇಳಿದರು.

"ಬರಬೇಡಿ ಅಂತ ಬರೆದ್ರೆ ಇವರು ಹೋಗಿಬಿಡ್ತಾರೆ. ಬನ್ನಿ ಅಂತ ಬಾಗಿಲು ತೆಗೆದ್ರೆ, ಅಲ್ಲಿ ಯಾರೂ ಇಲ್ಲ ಅಂತ ಗೊತ್ತಾಗಿಬಿಡತ್ತೆ. ನಾಳೆ ಬಾ ಅಂದ್ರೆ ದಿನಾ ಬರ್ತಾರಲ್ಲೇ. ನಾನಿಲ್ಲಿಂದ ಹೊರಟುಬಿಟ್ಟರೆ ಯಾವ ಬಾಗಿಲಿಗೆ ಬರ್ತಾರೆ, ಹೇಳು. ಈಗ ನೋಡಿದ್ರೆ ಅವರೇ ನನ್ನನ್ನ ಕರೀತಿದ್ದಾರೆ. ನಾಳೆ ಬಾ ಅಂತ."

ನಾನು ಏನೂ ಓದಿದವಳಲ್ಲ. ಆ 'ಬಾ' ಎಲ್ಲಿಗೆ ಎಂದು ಅಕ್ಕ ಎಣಿಸಿದ್ದಾರೋ, ಅದು ಅವರ ಕಣ್ಣಿನಲ್ಲಿ ಕಂಡಿತು. ಬಾಯಿಗೆ ಮಾತು ಕೊಟ್ಟದ್ದು ದೇವರೇ ಇರಬೇಕು.

"ಅಕ್ಕಾ, ನಾಳೆ ತಾನೆ ಹಡಗು ಇರೋದು? ಭಾವ ಎಲ್ಲಿಂದ ಕರೆದಾರು? ಮನೆಯಿಂದ ತಾನೆ! ಲಿಟಲ್ ಎಲ್ಮ್‌ಗೆ ಬಾ ಅಂತಿದ್ದಾರೆ. ನಲ್ಲಿ ರಿಪೇರಿ ಇನ್ನೂ ಆಗಿಲ್ಲ, ಮರೆತಿರಾ?"

ಅಕ್ಕ ನನ್ನನ್ನೇ ನೋಡಿದರು. ಅಳುತ್ತಾರೆ ಎಂದುಕೊಂಡೆ. "ನೋಡೇ, ಜೀವಮಾನದಲ್ಲಿ ಮೊದಲನೇ ಸಲ ಇವರ ನಾಳೆಗೆ ಒಂದು ತಾರೀಕು ಸಿಕ್ಕಿತು!" ಎಂದು ನಕ್ಕರು.

ಹಡಗು ಹೊರಟಿತು, ಅಕ್ಕ ಹತ್ತಿದರು, ಕೈಚೀಲದಲ್ಲಿ ಇನ್ನೂ ಮೂರು ಮಾತ್ರೆ ಉಳಿದಿದ್ದವು. ಮೂರು ಪುಣ್ಯ.

ಅವರು ಬರುವ ದಿನ ಲಿಟಲ್ ಎಲ್ಮ್ ಮನೆಯ ಬಾಗಿಲಿಗೆ ಹೊಸದಾಗಿ ಬರೆಯೋಣವೆಂದು ಕೈಚೀಲದಲ್ಲಿ ಸೀಮೆಸುಣ್ಣ ಇಟ್ಟುಕೊಂಡೆ. ಒಂದೂವರೆ ತಿಂಗಳಲ್ಲಿ ಹಳೆಯದು ಅಳಿಸಿರುತ್ತದಲ್ಲ. ದೆವ್ವಕ್ಕೆ ಹೆದರುವ ನಾನೇ ದೆವ್ವಕ್ಕೆ ಕರೆಯೋಲೆ ಬರೆಯುವ ಕಾಲ ಬಂತು! ಆದರೆ ವಿಮಾನ ಬೇಗ ಬಂತು. ನೇರ ಅಕ್ಕನನ್ನು ಕರೆದುಕೊಂಡೇ ಹೋದೆವು. ಬೀದಿ ತುಂಬ ಕ್ರಿಸ್‌ಮಸ್ ದೀಪ. ಕೆರೆಯ ಮೇಲೆ ಮಂಜು ಕೂತಿತ್ತು. ಅಕ್ಕನ ಮನೆಯೊಂದೇ ಕತ್ತಲು.

ಕಾರಿನ ಬೆಳಕು ಬಾಗಿಲ ಮೇಲೆ ಬಿತ್ತು. ನಾಲೆ ಬಾ.

ಸೀಮೆಸುಣ್ಣ ನನ್ನ ಚೀಲದಲ್ಲೇ ಇತ್ತು, ತುದಿಯೂ ಸವೆದಿರಲಿಲ್ಲ. ಪಕ್ಕಕ್ಕೆ ತಿರುಗಿದೆ. ನಮ್ಮವರು ಕೆರೆ ನೋಡುತ್ತಿದ್ದರು. ಹಿಂದಿನ ದಿನ ಹೀಟರ್ ಹಾಕಿ ಬರುತ್ತೇನೆಂದು ಇವರೊಬ್ಬರೇ ಇಲ್ಲಿಗೆ ಬಂದುಹೋಗಿದ್ದರು. ಸ್ಟಿಯರಿಂಗ್ ಹಿಡಿದ ಬೆರಳುಗಳ ಉಗುರಿನ ಸಂದಿಯಲ್ಲಿ ಬೆಳ್ಳಗೆ ಪುಡಿ ಕೂತಿತ್ತು. ಅಣ್ಣನ ಕಾಗುಣಿತ ತಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ದ್ವೀಪದ ಬಾಗಿಲಿಗೆ ಬರೆದವರು ಯಾರೆಂದು ಮಾತ್ರ ನಾನು ಈವರೆಗೆ ಯಾರನ್ನೂ ಕೇಳಿಲ್ಲ.

ಅಕ್ಕ ಇಳಿದು ಹೋಗಿ ಆ ಲ-ದ ಮೇಲೆ ಅಂಗೈ ಇಟ್ಟು ನಿಂತರು. "ಕಾಗುಣಿತ ತಪ್ಪು" ಅಂದರು. ತಿದ್ದಲಿಲ್ಲ. ಬೀಗದಕೈ ಹೊರತೆಗೆದವರು ಏನೋ ನೆನೆದು, ತಮ್ಮದೇ ಖಾಲಿ ಮನೆಯ ಬಾಗಿಲನ್ನು ಮೆಲ್ಲಗೆ ಮೂರು ಸಲ ತಟ್ಟಿದರು. ಮೂವರೂ ಚಳಿಯಲ್ಲಿ ಕಿವಿಗೊಟ್ಟು ನಿಂತೆವು.

ಒಳಗಿನಿಂದ ಯಾರೂ ನಾಳೆ ಬಾ ಎನ್ನಲಿಲ್ಲ.