ಸೋಮವಾರ ಹೂಡದ ಸೈಕಲ್ಲು

ನಮ್ಮಣ್ಣನ ಸೈಕಲ್ಲು ಹುಲ್ಲು ತಿನ್ನುತ್ತಿರಲಿಲ್ಲ, ಅಷ್ಟೇ. ಉಳಿದ ಎಲ್ಲದರಲ್ಲೂ ಅದು ಎತ್ತೇ ಆಗಿತ್ತು. ನಂಬಿಕೆ ಬರುವುದಿಲ್ಲವೆ? ನರಗುಂದದ ನಮ್ಮ ಓಣಿಯವರನ್ನು ಕೇಳಿ ನೋಡಿ. ಅಪ್ಪ ಬಿಟ್ಟುಹೋಗಿದ್ದ ಜೋಡೆತ್ತು ಮುದಿಯಾಗಿ ಸತ್ತ ಮೇಲೆ ಅಣ್ಣ ಹೊಲವನ್ನು ಪಾಲಿಗೆ ಹಾಕಿ, ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕೆ ಸೇರಿ, ಹಳೆಯದೊಂದು ಸೈಕಲ್ಲು ಕೊಂಡ. ಮನೆಯಲ್ಲಿ ಎತ್ತು ಮೇಯುವ ಗೋದಲಿ ಖಾಲಿ ಇತ್ತಲ್ಲ, ಅದನ್ನು ಅಲ್ಲೇ ಕಟ್ಟಿದ. ನಿಲ್ಲಿಸಿದ ಅಲ್ಲ, ಕಟ್ಟಿದ, ಹಗ್ಗ ಹಾಕಿ! ಕಾರಹುಣ್ಣಿಮೆಗೆ ಜನ ಎತ್ತಿನ ಕೋಡಿಗೆ ಬಣ್ಣ ಬಳಿದರೆ ಇವನು ಹ್ಯಾಂಡಲ್ಲಿನ ಎರಡೂ ತುದಿಗೆ ಕೆಂಪು ಬಳಿದು ಗೊಂಡೆ ಕಟ್ಟಿದ. ಏರು ಬಂದರೆ ಇಳಿದು ನಡೆಯುತ್ತಿದ್ದ. ತನಗೆ ಏದುಸಿರು ಬಂತೆಂದಲ್ಲ, ಅದಕ್ಕೆ ಬಂತೆಂದು. ಇನ್ನು ಸೋಮವಾರ ನಮ್ಮ ಕಡೆ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಹೀಗಾಗಿ ಅಣ್ಣ ಸೋಮವಾರ ಸೈಕಲ್ಲು ಹತ್ತುತ್ತಿರಲಿಲ್ಲ. ಜಿನ್ನಿಗೆ ನಡೆದೇ ಹೋಗುತ್ತಿದ್ದ.

"ಅಣ್ಣಾ, ಅದು ಕಬ್ಬಿಣ," ಎಂದು ನಾನು ಹೇಳಿ ನೋಡಿದ್ದೆ.

"ಕಬ್ಬಿಣಕ್ಕ ದಣಿವಾಗೂದಿಲ್ಲ ಅಂತ ನಿನಗ ಯಾರು ಹೇಳ್ಯಾರ?" ಎಂದಿದ್ದ.

ನನ್ನನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಆಗ ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ. ಎರಡೂರಿನ ನಡುವೆ ನಲವತ್ತು ಮೈಲು ಎರೆಭೂಮಿ, ಮಳೆ ಬಿದ್ದರೆ ಮೋಟಾರು ಬರುತ್ತಿರಲಿಲ್ಲ. ಮದುವೆಯಾದ ಮರುವರ್ಷ ಅವ್ವ ತೀರಿಕೊಂಡಳು. ಆ ಶ್ರಾವಣದಲ್ಲಿ ಹಬ್ಬವಿರಲಿಲ್ಲ. ಅದರ ಮುಂದಿನ ಶ್ರಾವಣ ಬಂತು. ನಾಗರ ಪಂಚಮಿಯೆಂದರೆ ಅಣ್ಣತಮ್ಮಂದಿರು ಬಂದು, ಕೊಟ್ಟ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಹಬ್ಬ. ಓಣಿಯ ಸೊಸೆಯರು ಒಬ್ಬೊಬ್ಬರಾಗಿ ಚಕ್ಕಡಿ ಹತ್ತಿ ಹೋದರು. ನಾನು ಮಾತ್ರ ದಿನಕ್ಕೆ ಹತ್ತು ಸಲ ಅಂಗಳ ಗುಡಿಸಿದೆ.

ನನ್ನ ಅತ್ತೆ ಕೆಟ್ಟವಳಲ್ಲ. ಆದರೆ ಅವಳ ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ತಾಯಿ ಹೋದ ಮ್ಯಾಲೆ ತವರು ಎಲ್ಲೀದವ್ವ? ಅವನೋ ಒಂಟಿ ಗಂಡಸು. ನಿನ್ನ ಕರಕೊಂಡು ಹೋಗಿ ಏನು ಮಾಡ್ತಾನ?" ಎಂದಳು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆ ಬಂತು, ಯಾಕೆಂದರೆ ಅದೇ ಮಾತನ್ನು ನಾನು ಎಂಟು ದಿನದಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ರವಿವಾರ ಸಂಜೆಯ ಹೊತ್ತಿಗೆ ಅಣ್ಣ ಬಂದ. ಸೈಕಲ್ಲಿನ ಮೇಲೆ ಅವನಲ್ಲ, ಅವನ ಮೇಲೆ ಸೈಕಲ್ಲು! ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ, ಗಾಲಿ ತಿರುಗಲು ಒಲ್ಲೆ ಎಂದಿದ್ದರಿಂದ ಕೊನೆಯ ಮೂರು ಮೈಲು ಹೆಗಲ ಮೇಲೆ ಹೊತ್ತು ತಂದಿದ್ದನಂತೆ.

"ನಮ್ಮ ಸೊಸಿನ ಸೈಕಲ್ಲ ಮ್ಯಾಲೆ ಕಳಸೂದೇನಪಾ? ಮಂದಿ ಏನಂತಾರ?" ಎಂದು ಅತ್ತೆ ಕೇಳಿದಳು.

"ಮಂದಿ ಏನರ ಅನ್ನೂದ್ರಾಗ ನಾವು ರೋಣ ದಾಟಿರತೀವ್ರಿ ಅವ್ವಾರ," ಎಂದ ಅಣ್ಣ.

ಅತ್ತೆಗೆ ನಗೆ ತಡೆಯಲಾಗಲಿಲ್ಲ. ಬುಧವಾರ ಸಂಜೆಗೆ ತಿರುಗಿ ಬರಬೇಕು ಎಂಬ ಕರಾರಿನ ಮೇಲೆ ಒಪ್ಪಿದಳು. ಮಂಗಳವಾರ ನಾಗಪ್ಪನಿಗೆ ಹಾಲೆರೆಯುವ ದಿನ. ಅಂದರೆ ನಾವು ಸೋಮವಾರವೇ ನರಗುಂದ ಮುಟ್ಟಬೇಕು. ಸೋಮವಾರ! ಇದು ನನ್ನ ತಲೆಗೆ ಹೊಳೆದದ್ದು ಮರುದಿನ ಬೆಳಿಗ್ಗೆ, ಅಣ್ಣ ನನ್ನ ಗಂಟನ್ನು ಕ್ಯಾರಿಯರಿಗೆ ಬಿಗಿದು, ಹ್ಯಾಂಡಲ್ಲು ಹಿಡಿದು, ನಡೆಯಲು ಶುರುಮಾಡಿದಾಗ. ಊರೊಳಗೆ ಮರ್ಯಾದೆಗೆಂದು ನಡೆಯುತ್ತಿದ್ದಾನೆ ಅಂದುಕೊಂಡೆ. ಊರು ದಾಟಿತು. ಒಂದು ಮೈಲಾಯಿತು, ಎರಡಾಯಿತು.

"ಅಣ್ಣಾ, ಯಾವಾಗ ಹತ್ತೂದು?"

"ಇವತ್ತು ವಾರ ಯಾವುದು?" ಎಂದ, ತಿರುಗಿ ನೋಡದೆ.

ನಾನು ದಾರಿ ಬದಿಗೆ ಕೂತುಬಿಟ್ಟೆ. "ಹಿಂಗ ನಡದರ ನಾವು ಮುಟ್ಟೂದು ನಾಗಪ್ಪನ ಹಬ್ಬಕ್ಕಲ್ಲ, ಗಣಪತಿ ಹಬ್ಬಕ್ಕ. ಅವ್ವ ಇಲ್ಲದ ಮನಿಗೆ ಕರಿಯೂದು ನಿನಗ ಬ್ಯಾಡಾಗಿದ್ದರ ಬರಬಾರದಾಗಿತ್ತು," ಎಂದೆ. ಹೇಳಿದ ಮೇಲೆ ಅಳುವೂ ಬಂತು.

ಅಣ್ಣ ಸೈಕಲ್ಲು ನಿಲ್ಲಿಸಿದ. ಹೊಲದ ಬದುವಿನಲ್ಲಿ ಒಂದು ಕಲ್ಲಿನ ಬಸವಣ್ಣನಿದ್ದ. ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಕೈ ಮುಗಿದು, ಏನೇನೋ ಮಾತಾಡಿದ. ವಾಪಸು ಬಂದು, ಮಂಗಳವಾರ ರಜೆ ಕೊಡುವುದಾಗಿ ಸೈಕಲ್ಲಿಗೂ ಹೇಳಿ, "ಕುಂಡ್ರು," ಎಂದ.

"ಏನಂದ ಬಸವಣ್ಣ?"

"ಬ್ಯಾಡ ಅನಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಸವಾರಿ. ಚಕ್ಕಡಿಯ ಜಾಡಿನಲ್ಲಿ ಗಾಲಿ ಹಾರಿದಾಗಲೆಲ್ಲ ನಾನೂ ಹಾರುತ್ತಿದ್ದೆ. ಇಟಗಿಯ ಹತ್ತಿರ ಹಾಗೆ ಹಾರಿದವಳು ತಿರುಗಿ ಕ್ಯಾರಿಯರಿನ ಮೇಲೆ ಇಳಿಯಲಿಲ್ಲ, ಕೆಸರಿನಲ್ಲಿ ಇಳಿದೆ. ಅಣ್ಣ ಮುಂದೆ ಹೋದ. ಸುಮ್ಮನೆ ಹೋಗಲಿಲ್ಲ, ನನ್ನೊಂದಿಗೆ ಮಾತಾಡುತ್ತಲೇ ಹೋದ! ಅತ್ತೆಯ ಮನೆಯಲ್ಲಿ ಹೇಗೆ ಇರಬೇಕು, ಎದುರುತ್ತರ ಯಾಕೆ ಕೊಡಬಾರದು ಎಂದು ಬುದ್ಧಿ ಹೇಳುವುದು ನನಗೆ ದೂರದಿಂದ ಕೇಳಿಸುತ್ತಿತ್ತು. ಎರಡು ಫರ್ಲಾಂಗು ಹೋಗಿ ತಿರುಗಿ ಬಂದ.

"ನಾ ಬಿದ್ದದ್ದು ನಿನಗ ಗೊತ್ತಾಗಲಿಲ್ಲೇನ?"

"ಹಗರ ಹೊಂಟಿತ್ತು. ನಿನ್ನಿ ಎಣ್ಣಿ ಬಿಟ್ಟಿದ್ದೆ, ಅದರ ಗುಣ ಅಂತ ತಿಳಕೊಂಡೆ," ಎಂದ.

ರೋಣ ಸಮೀಪಿಸಿದಾಗ ಜಲ್ಲಿ ಹಾಕಿದ ಖಡಿ ರಸ್ತೆ ಸಿಕ್ಕಿ ಜೀವ ತಣ್ಣಗಾಯಿತು. ಪೇಟೆಯಲ್ಲಿ ಬೇವಿನ ನೆರಳಿಗೆ ಸೈಕಲ್ಲು ನಿಲ್ಲಿಸಿ, ಗಂಟು ಬಿಚ್ಚಿ ಹಗುರ ಮಾಡಿ, ಅಣ್ಣ ಎರಡೂ ಗಾಲಿಗೆ ಚಹಾದಂಗಡಿಯ ಕೊಡದಿಂದ ನೀರು ಹನಿಸಿದ. ಜನ ಕೂಡಿದರು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಅಂಗಡಿಯ ಮುದುಕರೊಬ್ಬರು, "ಅದಕ್ಕ ಒಂದು ಕಪ್ಪು ಚಹಾ ಕುಡಸ್ರಿ, ಭಾಳ ದಣದೈತಿ," ಎಂದು ಛೇಡಿಸಿದರು.

"ಚಹಾ ಅದಕ್ಕ ಒಗ್ಗೂದಿಲ್ರಿ," ಎಂದ ಅಣ್ಣ. ನಗದೆ ಹೇಳಿದ.

ಅಲ್ಲಿಂದ ಮುಂದೆ ಬೆಣ್ಣಿಹಳ್ಳ. ಮಳೆಯ ರಾಡಿ ನೀರು ಹರಿಯುತ್ತಿತ್ತು. ಅಣ್ಣ ಸೈಕಲ್ಲನ್ನು ಹೆಗಲಿಗೇರಿಸಿ, ತೊಡೆಮಟ್ಟ ನೀರಿನಲ್ಲಿ ಕಾಲಿಂದ ತಡಕುತ್ತ ಆಚೆ ದಡಕ್ಕೆ ಮುಟ್ಟಿಸಿ, ಆಮೇಲೆ ನನಗಾಗಿ ತಿರುಗಿ ಬಂದ. ನನಗೆ ರೇಗಿಹೋಯಿತು.

"ಮೊದಲ ಅದು, ಆಮ್ಯಾಲೆ ತಂಗಿ. ಹೌದಲ್ಲ?"

"ತಗ್ಗು ಎಲ್ಲೈತಿ ಅಂತ ಮೊದಲ ನೋಡಬೇಕಲ್ಲ," ಎಂದು ಕೈ ಚಾಚಿದ. "ನಿನ್ನ ಕರಕೊಂಡು ನೋಡಲೇನು?"

ಹಳ್ಳ ದಾಟಿ ಮತ್ತೆ ಅವನ ಹಿಂದೆ ಕೂತೆ. ಅವನ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ನನ್ನನ್ನು ನಾಳೆ ಒಂದು ದಿನ ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಈ ಮನುಷ್ಯ ಹೋಗುತ್ತ ಬರುತ್ತ ಎಂಬತ್ತು ಮೈಲು ತುಳಿದಿದ್ದಾನೆ, ಬುಧವಾರ ಮತ್ತೆ ತುಳಿಯುತ್ತಾನೆ. ಹುಚ್ಚು ಎನ್ನದೆ ಇದಕ್ಕೆ ಬೇರೆ ಏನು ಹೆಸರಿಡಬೇಕೋ ನನಗೆ ಈಗಲೂ ತಿಳಿದಿಲ್ಲ.

ಇಳಿಹೊತ್ತಿಗೆ ನರಗುಂದದ ಗುಡ್ಡ ಕಂಡಿತು. ಮೊದಲೆಲ್ಲ ಅದು ಕಂಡರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅಂದು ಎರಡೂ ಕೈಯಿಂದ ಕ್ಯಾರಿಯರು ಹಿಡಿದುಕೊಂಡೆ. ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಯಾರೂ ನಿಂತಿರುವುದಿಲ್ಲ. ಬೀಗ ಹಾಕಿದ ಮನೆ, ತಣ್ಣಗಿನ ಒಲೆ. ಅತ್ತೆ ಹೇಳಿದ್ದು ಖರೆಯಾದರೆ? ತಿರುಗಿ ಹೋಗೋಣ ಎಂಬ ಮಾತು ನಾಲಿಗೆಯ ತನಕ ಬಂದು ನಿಂತಿತು.

ಮನೆಯ ಮುಂದೆ ಅಣ್ಣ ತಾನೇ ಮೊದಲು ಒಳಗೆ ಹೋಗಿ, ತಂಬಿಗೆ ನೀರು ತಂದು ನನ್ನ ಕಾಲಿಗೆ ಹಾಕಿದ. ನೆಲ ಸಾರಿಸಿತ್ತು. ಗಂಡಸಿನ ಕೈಯ ಗೆರೆಗಳು ಅಡ್ಡಾದಿಡ್ಡಿ ಕಾಣುತ್ತಿದ್ದವು. ಅಡಿಗೆಮನೆಯ ಡಬ್ಬಿಯಲ್ಲಿ ಶೇಂಗಾ ಉಂಡಿ ಇದ್ದವು, ಒಂದರ ಗಾತ್ರ ಇನ್ನೊಂದಕ್ಕಿಲ್ಲ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿತ್ತು. ಪಂಚಮಿಗೆ ಬಂದ ಹೆಣ್ಣುಮಕ್ಕಳಿಗೆ ಪ್ರತಿ ತವರಿನಲ್ಲೂ ಕಟ್ಟುತ್ತಾರೆ. ನಮ್ಮಲ್ಲಿ ಅವ್ವ ಕಟ್ಟುತ್ತಿದ್ದಳು. ಇದು ಬಹಳ ಕೆಳಗಿತ್ತು. ಎಂಟು ವರ್ಷದ ಹುಡುಗಿಗೆ ಸರಿಯಾಗುವಷ್ಟು.

"ಗಿಡ್ಡ ಆತೇನ?" ಅಣ್ಣ ಬಾಗಿಲಲ್ಲೇ ನಿಂತು ಕೇಳಿದ. "ಅವ್ವ ಎಷ್ಟ ಎತ್ತರ ಕಟ್ಟತಿದ್ದಳು ಅಂತ ನೆನಪು ಮಾಡಿ ಮಾಡಿ ಕಟ್ಟಿದೆ."

"ಸರಿ ಐತಿ," ಎಂದೆ. ನೆಲಕ್ಕೆ ತಾಗದಂತೆ ಕಾಲು ಮಡಚಿಕೊಂಡು ಕೂತೆ. ಅಣ್ಣ ಹಿಂದೆ ಬಂದು ಮೆಲ್ಲಗೆ ತೂಗಿದ. ಅವ್ವ ಇರಲಿಲ್ಲ, ಆದರೆ ನನಗೆ ತವರಿತ್ತು. ನಾನು ಅಳುವುದು ಅವನಿಗೆ ತಿಳಿಯಬಾರದೆಂದು, ಇನ್ನೂ ಜೋರಾಗಿ ತೂಗು ಎಂದೆ.

ತೂಗಿದ.