ಚಿಕ್ಕಪ್ಪ ಸಿಗದ ಜಾಗಗಳು

ಮನೆಯಲ್ಲಿ ಒಬ್ಬ ಕಾಣೆಯಾದರೆ ಉಳಿದವರಿಗೆ ಊರೂರು ನೋಡುವ ಯೋಗ ತಾನಾಗಿ ಬರುತ್ತದೆ. ಬಂದ ಮೇಲೆ ನಾನೀಗ ಹೇಳಹೊರಟಿರುವಂಥ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ನಡೆಯುತ್ತಲೇ ಇರುತ್ತವೆ. ಎಪ್ಪತ್ತರ ದಶಕದಲ್ಲಿ ನಾವು ಚಿತ್ರದುರ್ಗ ಜಿಲ್ಲೆಯ ಗವಿ, ಗುಡ್ಡ, ಕಣಿವೆಗಳನ್ನು ನೋಡಿದಷ್ಟು ಯಾವ ಪ್ರವಾಸಿಯೂ ನೋಡಿರಲಾರ. ನಮಗೆ ಪ್ರವಾಸದ ಹುಚ್ಚಿರಲಿಲ್ಲ. ಚಿಕ್ಕಪ್ಪ ಕಳೆದುಹೋಗಿದ್ದ.

ಅವನು ಅಪ್ಪನ ತಮ್ಮ. ಹೊಳಲ್ಕೆರೆ ಸಂತೆಗೆ ಹೋಗಿ ಕುರಿ ನೋಡಿ ಬರುತ್ತೇನೆಂದು ಹೊರಟವನು ಬರಲಿಲ್ಲ. ಹನ್ನೊಂದು ವರ್ಷ ಕಳೆದಿತ್ತು. ಅಷ್ಟರಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ದುರ್ಗದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅಪ್ಪ, ಚಿಕ್ಕಮ್ಮ, ನಾನು, ಮೂವರೇ ಊರು ಬಿಟ್ಟು ಬಂದು ಅಲ್ಲಿ ಮನೆ ಮಾಡಿಕೊಂಡಿದ್ದೆವು.

ನಮ್ಮ ಪೈಕಿ ಸತ್ತವರನ್ನು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಸತ್ತರೋ ಇಲ್ಲವೋ ಗೊತ್ತಿಲ್ಲದವರನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹೋಗಿ ಜೋಯಿಸರನ್ನು ಕೇಳಿದರು. ಜೋಯಿಸರ ಬಳಿ ಅದಕ್ಕೂ ವಿಧಿಯಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದಿದ್ದರೆ ದರ್ಭೆಯಲ್ಲಿ ಮನುಷ್ಯನ ಬೊಂಬೆ ಮಾಡಿ ಸುಡಬೇಕು. ಹೆಂಡತಿ ತಾಳಿ ತೆಗೆಯಬೇಕು, ಕುಂಕುಮ ಅಳಿಸಬೇಕು. ಸುಡುವುದರೊಳಗೆ ಯಾರಾದರೂ ಅವನನ್ನು ಕಣ್ಣಾರೆ ಕಂಡು, ಮಾತಾಡಿಸಿ, ಬಂದು ಹೇಳಿದರೆ ಎಣಿಕೆ ಮತ್ತೆ ಒಂದರಿಂದ ಶುರು. ಬರೀ ಗಾಳಿಸುದ್ದಿ ಲೆಕ್ಕಕ್ಕಿಲ್ಲ.

ಅಪ್ಪನಿಗೆ ಇದೆಲ್ಲ ಒಮ್ಮೆ ಮುಗಿದರೆ ಸಾಕಾಗಿತ್ತು. ಚಿಕ್ಕಮ್ಮನಿಗೆ ಆಗ ನಲವತ್ತು. ಹಣೆಯಲ್ಲಿ ಕುಂಕುಮ ಇದ್ದದ್ದರಿಂದ ಜನ ಅವಳನ್ನು ಮದುವೆಗೆ ಕರೆಯುತ್ತಿದ್ದರು, ಬಳೆಗಾರ ಬಾಗಿಲಿಗೆ ಬರುತ್ತಿದ್ದ. ಅದು ಹೋದರೆ ಉಳಿಯುವುದು ಹಿತ್ತಲ ಕೋಣೆ. ಅದಕ್ಕೆ ಇನ್ನೊಂದು ವರ್ಷ ಬಾಕಿ ಇತ್ತು.

೧. ಗವಿಯೊಳಗೆ

ಮೊದಲ ಸುದ್ದಿ ಚಂದ್ರವಳ್ಳಿಯದು. ಅಲ್ಲಿನ ಗವಿಯಲ್ಲಿ ಒಬ್ಬ ಬೈರಾಗಿ ಇದ್ದಾನೆ, ಥೇಟ್ ಚಿಕ್ಕಪ್ಪನ ಮೂಗು ಎಂದು. ಭಾನುವಾರ ಹೊರಟೆವು.

ಜೊತೆಗೆ ನನ್ನ ಗೆಳೆಯ ಬಂದ. ನಮ್ಮ ಕಾಲೇಜಿನಲ್ಲೇ ಎನ್.ಸಿ.ಸಿ. ನೋಡಿಕೊಳ್ಳುತ್ತಿದ್ದವನು. ಅವನಿಗೆ ಚಿಕ್ಕಪ್ಪನ ಬಗ್ಗೆ ಕಾಳಜಿಯೇನೂ ಇರಲಿಲ್ಲ. ಹಗ್ಗ, ಟಾರ್ಚು, ದಿಕ್ಸೂಚಿ ಬಳಸಲು ಒಂದು ಸಂದರ್ಭ ಬೇಕಿತ್ತು. ಅವನ ಸೋದರಮಾವ ಗಣಿ ಗುತ್ತಿಗೆದಾರ, ಹಾಗಾಗಿ ಜೀಪೂ ಇತ್ತು. ಮನೆಯಿಂದ ನಡೆದು ಹೋಗುವಷ್ಟು ದೂರಕ್ಕೆ ಜೀಪು ತಂದ.

ಗವಿಯ ಬಾಯಲ್ಲಿ ನಾಲ್ವರನ್ನೂ ಒಂದೇ ಹಗ್ಗಕ್ಕೆ ಕಟ್ಟಿದ. "ಸಾಲಾಗಿ ಬರ್ರಿ, ತಲೆ ಬಗ್ಗಿಸ್ರಿ" ಎಂದ. ಒಳಗೆ ಕೋಣೆಯಿಂದ ಕೋಣೆಗೆ ಇಳಿಯುತ್ತ ಹೋದಂತೆ ಕತ್ತಲೆ ದಪ್ಪವಾಯಿತು. ಮೂರನೆಯ ಕೋಣೆಯಲ್ಲಿ ಟಾರ್ಚು ಆರಿತು.

"ಚಿಕ್ಕಮ್ಮ, ಹೆಸರು ಹಿಡಿದು ಕೂಗ್ರಿ. ಒಳಗಿದ್ದರೆ ಓಗೊಡ್ತಾರೆ" ಎಂದ ಗೆಳೆಯ.

"ಗಂಡನ ಹೆಸರು ಹೇಳಾದಾ? ಅವರ ಆಯುಸ್ಸು ಕಡಿಮೆ ಆಗಲ್ವೇನಪ್ಪ?"

ಇದ್ದಾನೋ ಇಲ್ಲವೋ ತಿಳಿಯದ ಮನುಷ್ಯನ ಆಯುಸ್ಸನ್ನು ಅವಳು ಹನ್ನೊಂದು ವರ್ಷದಿಂದ ಹೀಗೆ ಜೋಪಾನ ಮಾಡಿಕೊಂಡು ಬಂದಿದ್ದಳು. ಅಪ್ಪ ಬೈದ ಮೇಲೆ, ಹೆಸರು ಬಿಟ್ಟು, ಮನೆಯಲ್ಲಿ ಕರೆಯುತ್ತಿದ್ದಂತೆ ಕೂಗಿದಳು: "ರೀ... ಏನ್ರೀ... ಅದೀರೇನ್ರೀ?"

ಎಡಗಡೆಯಿಂದ "ಏನೇ?" ಎಂದು ಒಂದು ಗಂಡುದನಿ ಬಂತು. ಮೇಲಿನಿಂದ "ಬಂದೆ ಇರೇ!" ಎಂದು ಇನ್ನೊಂದು. ಹಿಂದಿನಿಂದ "ಇಲ್ಲೇ ಸಾಯ್ತಾ ಇದೀನಿ, ಬಡ್ಕಾಬ್ಯಾಡ" ಎಂದು ಮತ್ತೊಂದು. ಭಾನುವಾರವಾದ್ದರಿಂದ ಬುತ್ತಿ ಕಟ್ಟಿಕೊಂಡು ಗವಿ ನೋಡಲು ಬಂದ ಸಂಸಾರಗಳು ಬಹಳ ಇದ್ದವು. ಒಳಗಿದ್ದ ಗಂಡಂದಿರೆಲ್ಲ ಓಗೊಟ್ಟರು, ನಮ್ಮವನನ್ನು ಬಿಟ್ಟು.

೨. ಉತ್ತರ ದಿಕ್ಕು

ಎರಡನೆಯ ಸುದ್ದಿ ಹೊಸದುರ್ಗದ ಕಡೆಯಿಂದ. ಒಂದು ಗುಡ್ಡದ ನೆತ್ತಿಯಲ್ಲಿ ಯಾರೋ ಒಬ್ಬ ಮಾತು ಬಿಟ್ಟು ಕೂತಿದ್ದಾನಂತೆ. ಚಿಕ್ಕಪ್ಪ ಮಾತು ಬಿಡುವ ಜಾತಿಯಲ್ಲ ಎಂದೆ. ಯಾರೂ ಕೇಳಲಿಲ್ಲ.

ಗುಡ್ಡದ ಬುಡದಲ್ಲಿ ಕುರಿ ಕಾಯುವವನೊಬ್ಬ ಸಿಕ್ಕ. "ಅತ್ಲಾಗೆ ದಾರಿ ಇಲ್ರಿ, ಹಳ್ಳ ಹಿಡ್ಕಂಡು ಹೋಗ್ರಿ" ಎಂದ. ಗೆಳೆಯ ದಿಕ್ಸೂಚಿ ತೆಗೆದು, "ಹಳ್ಳ ಸುತ್ತು ಆಗ್ತತೆ. ನಾವು ನೇರ ಉತ್ತರಕ್ಕೆ ಹೋಗಾಣ" ಎಂದ.

ಆ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ ಎಂಬುದು ಗಣಿ ಗುತ್ತಿಗೆದಾರನ ಸೋದರಳಿಯನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅರ್ಧ ಗಂಟೆಗೊಮ್ಮೆ ಉತ್ತರ ಬೇರೆ ಕಡೆಗೆ ಹೋಗುತ್ತಿತ್ತು, ನಾವು ಅದರ ಹಿಂದೆ ಹೋಗುತ್ತಿದ್ದೆವು. ಹತ್ತು ಗಂಟೆಗೆ ನೀರು ಮುಗಿಯಿತು. ಹನ್ನೊಂದಕ್ಕೆ ಚಿಕ್ಕಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತು, ಬರಿಗಾಲಲ್ಲಿ ನಡೆದು ಹಿಮ್ಮಡಿ ಒಡೆದು ರಕ್ತ ಬಂತು. ಹನ್ನೆರಡಕ್ಕೆ ಅಪ್ಪ ಜಾರಿ ಮುಂಗೈ ಮುರಿದುಕೊಂಡರು. ಒಂದು ಗಂಟೆಗೆ ಅದೇ ಕುರಿಯವನ ಎದುರಿಗೆ ಬಂದು ನಿಂತೆವು. ಬೆಳಗಿನಿಂದ ಮೂರನೆಯ ಸಲ.

"ಯಾರ್ನ ಹುಡುಕ್ತೀರ್ರಿ?" ಎಂದ.

ಅಪ್ಪ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಎಲ್ಲವನ್ನೂ ಹೇಳಿದರು. ಅವನು ಬೀಡಿ ಹಚ್ಚಿ, ನಮ್ಮ ನಾಲ್ವರನ್ನೂ ಕುರಿ ಎಣಿಸುವಂತೆ ಎಣಿಸಿದ.

"ಕಳೆದೋಗಾದು ಅಂದ್ರೆ ಅವನಂಗೆ ಕಳೆದೋಗಬೇಕ್ರಿ. ಹನ್ನೊಂದು ವರ್ಸದಾಗೆ ಒಂದ್ಸಲಾನೂ ನನ್ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಅದೂ ಬರಲ್ಲ."

೩. ಹತ್ತು ಬೆರಳು

ಮೂರನೆಯ ಸುದ್ದಿ ಗಾಳಿಸುದ್ದಿಯಲ್ಲ. ಮಾರಿಕಣಿವೆಯ ಹಿನ್ನೀರಿನಲ್ಲಿ ಒಂದು ಹೆಣ ಸಿಕ್ಕಿತ್ತು. ರಸ್ತೆಯಿಲ್ಲದ ಕಡೆ, ನೀರಿನ ಆಚೆ ದಡದಲ್ಲಿ. ಹರಿಗೋಲಿನಲ್ಲಿ ಹೋದೆವು. ಮೀನು ಹಿಡಿಯುವವನು ಹುಟ್ಟು ಹಾಕುತ್ತಿದ್ದ, ಗೆಳೆಯ ಅವನಿಗೆ ಹುಟ್ಟು ಹಾಕುವುದು ಹೇಗೆಂದು ಹೇಳಿಕೊಡುತ್ತಿದ್ದ. ಹರಿಗೋಲು ಇದ್ದಲ್ಲೇ ಸುತ್ತುತ್ತಿತ್ತು. ಚಿಕ್ಕಮ್ಮ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ದಡದಲ್ಲಿ ಹಳ್ಳಿಯ ತಳವಾರನೊಬ್ಬ ಹೆಣ ಕಾಯುತ್ತಿದ್ದ. ಎರಡು ದಿನದಿಂದ ಕಾದು ಸಾಕಾಗಿದ್ದ ಅವನಿಗೆ ಆ ಹೆಣ ಒಟ್ಟು ಯಾರದಾದರೂ ಆಗಬೇಕಿತ್ತು. "ಇವ್ರೇ ಅನ್ನಿ ತಾಯಿ, ಎಲ್ಲರೂ ಮನೆಗೆ ಹೋಗಾಣ" ಎಂದ.

ಹೆಣಕ್ಕೆ ಮೂವತ್ತರ ಮೇಲಿರಲಿಲ್ಲ. ಚಿಕ್ಕಪ್ಪನಿಗೆ ಐವತ್ತರ ಹತ್ತಿರ. ಚಿಕ್ಕಮ್ಮ ಒಮ್ಮೆ ನೋಡಿ, "ಅಲ್ಲ" ಎಂದಳು.

"ಸರಿಯಾಗಿ ನೋಡಮ್ಮ. ನೀರಾಗೆ ಇದ್ರೆ ವಯಸ್ಸು ಕಮ್ಮಿ ಕಾಣ್ತತೆ" ಎಂದರು ಅಪ್ಪ.

ಚಿಕ್ಕಪ್ಪನ ಎಡಗಾಲಿನ ಕಿರುಬೆರಳು ಚಿಕ್ಕಂದಿನಲ್ಲೇ ಗಾಡಿಚಕ್ರಕ್ಕೆ ಸಿಕ್ಕಿ ಹೋಗಿತ್ತು. ಅಪ್ಪ ಬಗ್ಗಿ ಹೆಣದ ಕಾಲ್ಬೆರಳು ಎಣಿಸಿದರು. ಹತ್ತು. ಮತ್ತೆ ಎಣಿಸಿದರು. ಮತ್ತೂ ಹತ್ತೇ ಬಂದವು.

"ನೀರಾಗೆ ಇದ್ರೆ ಬೆರಳೂ ಬೆಳೀತಾವಾ?" ಎಂದೆ. ಅಪ್ಪ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಚಿಕ್ಕಮ್ಮ ತಳವಾರನಿಗೆ ತಿಳಿಸಿ ಹೇಳಿದಳು: "ನಮ್ಮ ಯಜಮಾನ್ರಿಗೆ ಈಜು ಬರ್ತಿರ್ಲಿಲ್ಲ ಕಣಪ್ಪ. ನೀರಂದ್ರೆ ಭಯ. ಅವರು ಹೆಂಗೆ ಮುಳುಗ್ತಾರೆ?"

"ಈಜು ಬರೋರು ಯಾಕವ್ವ ಮುಳುಗ್ತಾರೆ?" ಎಂದ ತಳವಾರ.

ಹಿಂದಕ್ಕೆ ಬರುವಾಗ ಅವಳು ನೀರನ್ನೇ ನೋಡುತ್ತಿದ್ದಳು. "ಪಾಪ, ಯಾವಳೋ ಒಬ್ಬಳು ಗೊತ್ತಿಲ್ದೆ ಇವತ್ತೂ ಕುಂಕುಮ ಇಟ್ಕಂಡಿರ್ತಾಳೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಗೆಳೆಯ ಕೆಮ್ಮಿ, ಹೇಗೂ ಇಲ್ಲಿತನಕ ಬಂದಿದ್ದೇವೆ, ಅಣೆಕಟ್ಟು ನೋಡಿಕೊಂಡು ಹೋಗೋಣವೇ ಎಂದ. ನೋಡಿದೆವು. ಚೆನ್ನಾಗಿತ್ತು.

೪. ಸುದ್ದಿಯ ಮೂಲ

ಸುದ್ದಿಗಳು ನಿಲ್ಲಲಿಲ್ಲ. ಇನ್ನೆರಡು ಗುಡ್ಡ, ಒಂದು ಹಾಳುಬಿದ್ದ ಮಂಟಪ, ಒಂದು ಬಾವಿ ನೋಡಿಬಂದೆವು. ಬಾವಿಯಲ್ಲಿ ಕಪ್ಪೆಗಳಿದ್ದವು. ಓದಿದವನು ಎಂಬ ಜಂಬಕ್ಕೆ, ಈ ಸುದ್ದಿಗಳೆಲ್ಲ ಎಲ್ಲಿಂದ ಹುಟ್ಟುತ್ತವೆ ಎಂದು ಬೆನ್ನುಹತ್ತಿದೆ. ಪಕ್ಕದ ಬೀದಿಯವರಿಗೆ ಹೂವಿನವಳು ಹೇಳಿದ್ದಳು. ಹೂವಿನವಳಿಗೆ ಬಳೆಗಾರ ಹೇಳಿದ್ದ. ಬಳೆಗಾರನನ್ನು ಹಿಡಿದು ಕೇಳಿದೆ.

"ನಿಮ್ಮ ಚಿಕ್ಕಮ್ಮನೇ ಹೇಳಿದ್ದು ಸ್ವಾಮಿ. ಹಬ್ಬಿಸಪ್ಪ ಅಂದ್ರು, ಹಬ್ಬಿಸ್ದೆ. ಜೋಯಿಸರ ಮುಂದೆ ಬಂದು ಕಣ್ಣಾರೆ ಕಂಡೆ ಅಂತ ಹೇಳು ಅಂದ್ರು. ಅದು ನಮ್ಮಿಂದ ಆಗಲ್ಲ ಅಂದೆ. ಸುಳ್ಳು ಹಬ್ಬಿಸಬಹುದು, ಸುಳ್ಳು ಸಾಕ್ಷಿ ಹೇಳಬಾರ್ದು."

ಮಾರಿಕಣಿವೆಯ ಹೆಣವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವಳದೇ ಸೃಷ್ಟಿ. ಮನೆಗೆ ಬಂದು ಕೇಳಿದೆ. ಚಿಕ್ಕಮ್ಮ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಅವರಿದ್ದಾಗ ನಂಗೆ ಬಾವಿಕಟ್ಟೆ ಬಿಟ್ಟು ಬೇರೆ ಜಾಗ ಗೊತ್ತಿರ್ಲಿಲ್ಲ. ಹೊಳಲ್ಕೆರೆ ಸಂತೇನೂ ನೋಡಿರ್ಲಿಲ್ಲ. ಅವರು ಹೋದ್ಮೇಲೆ ಗವಿ ನೋಡ್ದೆ, ಗುಡ್ಡ ಹತ್ತಿದೆ, ಹರಿಗೋಲಾಗೆ ಕುಂತೆ."

"ಅದಕ್ಕೆ ಸುಳ್ಳು ಹೇಳಾದಾ?"

"ಸುಳ್ಳು ಅಂತ ನಿಂಗೆ ಯಾವಾಗ ಗೊತ್ತಾಯ್ತಪ್ಪ? ಹೋಗಿ ನೋಡಿದ ಮ್ಯಾಲೆ. ನಂಗೂ ಅಷ್ಟೇ."

ಎಂ.ಎ.ಯಲ್ಲಿ ನಾನು ತೆಗೆದುಕೊಂಡಿದ್ದು ತರ್ಕಶಾಸ್ತ್ರ.

೫. ಹಿರಿಯೂರಿನ ಆಚೆ

ಹನ್ನೆರಡು ವರ್ಷ ತುಂಬಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೊಂಬೆ ಸುಡುವುದೆಂದು ನಿಶ್ಚಯವಾಯಿತು. ಜೋಯಿಸರು ದರ್ಭೆ ಕೊಯ್ಯಿಸಿ ಇಟ್ಟಿದ್ದರು. ಶನಿವಾರ ಒಂದು ಸುದ್ದಿ ಬಂತು: ಹಿರಿಯೂರಿನ ಆಚೆ, ಜಾಲಿಯ ನಡುವಿನ ಒಂದು ಬಂಡೆಯ ಮೇಲೆ ಒಬ್ಬ ಸನ್ಯಾಸಿ ಇದ್ದಾನೆ. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಗೆಳೆಯನಿಗೆ ಜೀಪು ತರಲು ಹೇಳಿದೆ.

ಭಾನುವಾರ ಬೀಗ ಹಾಕಿ ಬೆಳಗಿನ ಜಾವವೇ ಹೊರಟೆವು. ಹಳ್ಳದ ಮರಳಿನಲ್ಲಿ ಜೀಪು ಹೂತುಹೋಯಿತು. ಅದನ್ನು ಅಲ್ಲೇ ಬಿಟ್ಟು ಮುಳ್ಳು ಬಿಡಿಸಿಕೊಂಡು ಎರಡು ಗಂಟೆ ನಡೆದೆವು. ಬಂಡೆಯ ಮೇಲೆ ನಿಜಕ್ಕೂ ಒಬ್ಬ ಸನ್ಯಾಸಿ ಇದ್ದ. ಅವನನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಚಿಕ್ಕಮ್ಮ.

ಎಂಬತ್ತರ ಮುದುಕ, ಕಣ್ಣಿಗೆ ಪೊರೆ ಬಂದಿತ್ತು. ಅಪ್ಪ ಕೇಳುವ ಮೊದಲೇ, "ನೀವು ಹುಡುಕಾದು ಇಲ್ಲಿಲ್ಲ. ನಿಮ್ಮ ಮನಿಯಾಗೇ ಐತೆ. ಹೋಗ್ರಿ" ಎಂದ. ಬಂಡೆ ಹತ್ತಿ ಬಂದವರಿಗೆಲ್ಲ ಎಲ್ಲ ಸನ್ಯಾಸಿಗಳೂ ಹೇಳುವ ಮಾತು ಇದು. ಅಪ್ಪ ಅಡ್ಡಬಿದ್ದರು. ನಾನು ಬುತ್ತಿ ಬಿಚ್ಚಿದೆ.

ಊಟವಾದ ಮೇಲೆ ಚಿಕ್ಕಮ್ಮ ಬಂಡೆಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದಳು. ಕೆಳಗೆ ಬಯಲು, ಬಯಲಿನಾಚೆ ಗುಡ್ಡಗಳು.

"ನಾಳೆಯಿಂದ ನನ್ನ ಎಲ್ಲಿಗೂ ಕರ್ಕಂಡು ಹೋಗಲ್ಲ, ಅಲ್ವಾ?" ಎಂದಳು. ಕರೆದುಕೊಂಡು ಹೋಗುತ್ತೇನೆ ಎಂದೆ. ಬಳೆಗಾರ ಹೇಳುತ್ತಿದ್ದುದಕ್ಕಿಂತ ದೊಡ್ಡ ಸುಳ್ಳು ಅದು ಎಂದು ಇಬ್ಬರಿಗೂ ಗೊತ್ತಿತ್ತು.

ಜೀಪು ಮೇಲೆತ್ತಿಸಿ ದುರ್ಗ ಸೇರುವಾಗ ಹೊತ್ತು ಇಳಿಯುತ್ತಿತ್ತು. ಎದುರುಮನೆಯ ಅಜ್ಜಿ ಜಗಲಿಯ ಮೇಲೆ ಕಾದು ಕೂತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ರಪ್ಪ ಎಲ್ರೂ? ನಿನ್ನ ತಮ್ಮ ಬಂದಿದ್ದ" ಎಂದಳು ಅಪ್ಪನಿಗೆ.

ಅಪ್ಪ ಜೀಪಿನ ಬಾಗಿಲು ಹಿಡಿದುಕೊಂಡರು. "ಯಾವ ತಮ್ಮ?"

"ನಿಂಗೆಷ್ಟು ಜನ ತಮ್ಮಂದಿರು? ಎಡಗಾಲಾಗೆ ಒಂದು ಬೆರಳಿಲ್ಲ. ನಿಮ್ಮೂರಾಗೆ ಕೇಳ್ಕಂಡು ಬಂದನಂತೆ. ಇವರೆಲ್ಲ ಎಲ್ಲಿ ಅಂದ. ನಿನ್ನನ್ನೇ ಹುಡುಕಾಕೆ ಹೋಗ್ಯಾರೆ ಅಂದೆ. ಸರಿ, ಹುಡುಕಿ ಬರ್ಲಿ ಅಂತ ಇಲ್ಲೇ ಮಲಗಿದ."

"ನೀನೇ ಕಂಡ್ಯಾ? ಮಾತಾಡಿದ್ಯಾ?"

"ಮಜ್ಜಿಗೆ ಕೊಟ್ಟೆ, ಉಪ್ಪು ಸಾಲ್ದು ಅಂದ. ಮೂರು ಗಂಟೆಗೆ ಎದ್ದು ಬೈಯಾಕೆ ಶುರು ಮಾಡ್ದ. ಗಂಡ ಬಂದ್ರೆ ಒಂದು ತುತ್ತು ಅನ್ನ ಹಾಕಾಕೂ ಮನೇಲಿಲ್ಲ, ಬೀಗ ಹಾಕ್ಕಂಡು ಊರು ತಿರುಗ್ತಾಳೆ, ಎಂಥ ಹೆಂಗಸು ಅವಳು ಅಂದ. ನಿಮ್ಮ ಬಾಗಿಲಿಗೆ ಎರಡು ಸಲ ಒದ್ದ. ಈಗಿನ್ನೂ ಬಸ್‌ಸ್ಟ್ಯಾಂಡಿನ ಕಡೆ ಹೋದ."

ಕಣ್ಣಾರೆ ಕಂಡ, ಮಾತಾಡಿಸಿದ ಸಾಕ್ಷಿ. ಹನ್ನೆರಡು ವರ್ಷ ಇನ್ನು ಮೊದಲಿನಿಂದ. ನಾಳೆ ಬೊಂಬೆ ಇಲ್ಲ, ಜೋಯಿಸರಿಗೆ ಹೇಳಿ ಕಳಿಸಬೇಕು ಎಂದು ಅಪ್ಪ ಗೊಣಗಿದರು. ಆಮೇಲೆ ಒಮ್ಮೆಲೇ ಎಚ್ಚೆತ್ತು ಗೆಳೆಯನಿಗೆ ಕೂಗಿದರು: "ಲೇ, ಜೀಪು ತಿರುಗಿಸೋ! ಬಸ್ಸು ಇನ್ನೂ ಹೊರಟಿರಲ್ಲ!"

ಚಿಕ್ಕಮ್ಮ ಅಷ್ಟರಲ್ಲಿ ಇಳಿದಿದ್ದಳು. ಬಾಗಿಲ ಮೇಲೆ ಬಿದ್ದ ಎರಡು ಹೆಜ್ಜೆಗುರುತುಗಳನ್ನು ನೋಡಿದಳು. ಸೆರಗಿನ ತುದಿಯಿಂದ ಅವನ್ನು ಒರೆಸಿದಳು. ಆಮೇಲೆ ಬಂದು ಜೀಪಿನ ಮುಂದೆ ಅಡ್ಡ ನಿಂತಳು. ಅಪ್ಪನಿಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಬ್ಯಾಡ್ರಿ ಬಾವ, ಹುಡುಕಾಕೆ ಹೋಗಬ್ಯಾಡ್ರಿ. ಈಗ ಹೋದ್ರೆ ಸಿಕ್ಕಿಬಿಡ್ತಾರೆ."