ಪಂಕ್ತಿಯ ಮಧ್ಯೆ ಏಳುವ ಹಕ್ಕು

ನಮ್ಮ ಮನೆತನದಲ್ಲಿ ಒಂದು ಸಮಾರಂಭ ಚೆನ್ನಾಗಿ ನಡೆಯಿತು ಎಂದು ಒಪ್ಪಿಕೊಳ್ಳಬೇಕಾದರೆ ಮರುದಿನ ಕನಿಷ್ಠ ನಾಲ್ಕು ಜನರ ಗಂಟಲು ಕೂತಿರಬೇಕು. ಎಲ್ಲರ ಗಂಟಲೂ ಸರಿಯಾಗಿದ್ದರೆ ಎಲ್ಲೋ ಏನೋ ಕೊರತೆಯಾಯಿತು ಎಂದೇ ಅರ್ಥ. ನೂರು ಜನ ಒಂದೇ ಹೊತ್ತಿಗೆ ಮಾತಾಡಬೇಕು, ಯಾರ ಮಾತೂ ಯಾರಿಗೂ ಕೇಳಿಸಬಾರದು, ಮೂಲೆಯಲ್ಲಿ ವಾಲಗದವರು ಊದುತ್ತಿರಬೇಕು, ಇವೆಲ್ಲದರ ಮೇಲೆ ಒಬ್ಬ ಮೈಕ್ ಹಿಡಿದು "ನಿಶ್ಶಬ್ದ, ದಯವಿಟ್ಟು ನಿಶ್ಶಬ್ದ" ಎಂದು ಕೂಗುತ್ತಿರಬೇಕು. ಆ ಒಬ್ಬ ನಾನು. ತಪ್ಪೊಪ್ಪಿಗೆಯನ್ನು ಮೊದಲೇ ಮಾಡಿಬಿಡುತ್ತೇನೆ. ಮಡಿಕೇರಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾದ ನನಗೆ ಮೈಕ್ ಕಂಡರೆ ಕೈ ತುರಿಸುತ್ತದೆ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಪಕ್ಕದ ಮನೆಯ ನಾಮಕರಣದವರೆಗೆ ನಿರೂಪಣೆ ನನ್ನದೇ. ಕರೆಂಟು ಹೋದರೂ ನಾನು ನಿಲ್ಲಿಸುವುದಿಲ್ಲ. ನನ್ನ ಗಂಟಲಿಗೆ ಮೈಕ್ ಬರೀ ಅಲಂಕಾರ ಎಂದು ನನ್ನ ಹೆಂಡತಿ ವೀಣಾ ಹೇಳುತ್ತಾಳೆ. ಅದನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ.

ಇಂಥವನಿಗೆ ಸುಮಾಳಂಥ ತಂಗಿ. ಸುಮಾ ಪೊನ್ನಂಪೇಟೆಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವಳು. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಳೆ ಅಳೆದು ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಾಳೆ. ಯಾವ ವರ್ಷ ಯಾವ ದಿನ ಎಷ್ಟು ಬಿತ್ತು ಎಂದು ಕೇಳಿದರೆ ಪುಸ್ತಕ ತೆರೆಯದೆ ಹೇಳುತ್ತಾಳೆ. ಕುಕ್ಕರ್ ಕೂಗಿದರೆ ಅಂಗಳಕ್ಕೆ ನಡೆಯುತ್ತಾಳೆ. ಎಲೆಯಲ್ಲಿ ಹುಳಿ ಹೋಗಿ ಪಲ್ಯಕ್ಕೆ ತಾಗಿದರೆ ಎರಡನ್ನೂ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಇದಕ್ಕೆಲ್ಲ ನಾವು ಹಟ ಎಂದೂ ಕೊಬ್ಬು ಎಂದೂ ಹೆಸರಿಟ್ಟಿದ್ದೆವು. ಅವಳಿಗೆ ನಲವತ್ತು ದಾಟಿದ ಮೇಲೆ ಮೈಸೂರಿನ ಡಾಕ್ಟರೊಬ್ಬರು ಆಟಿಸಂ ಎಂದರು. ಶಬ್ದ, ಬೆಳಕು, ಜನಸಂದಣಿಯನ್ನೆಲ್ಲ ಅವಳ ಮಿದುಳು ನಮ್ಮದಕ್ಕಿಂತ ಬೇರೆ ಥರ ಒಳಗೆ ತೆಗೆದುಕೊಳ್ಳುತ್ತದೆ, ಅದು ಹುಟ್ಟಿನಿಂದಲೇ ಹಾಗೆ ಎಂದು ವಿವರಿಸಿದರು. ನಾವೆಲ್ಲ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ ಸುಮಾ ಮಾತ್ರ, "ಸದ್ಯ, ಸರಿಯಾದ ಹೆಸರು ಸಿಕ್ಕಿತು. ನೀವು ಇಟ್ಟ ಹೆಸರೆಲ್ಲ ಇನ್ನು ವಾಪಸ್ ತಗೊಳ್ಳಿ" ಎಂದು ಹೇಳಿ ತನ್ನ ಮಾಮೂಲಿ ಬಸ್ಸಿಗೆ ಹೊರಟುಹೋದಳು.

ವಾಪಸ್ ತೆಗೆದುಕೊಳ್ಳಬೇಕಾದದ್ದು ಹೆಸರು ಮಾತ್ರ ಆಗಿದ್ದರೆ ಸುಲಭವಿತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಮಗನ ಉಪನಯನದಲ್ಲಿ ಸುಮಾಳ ಎಲೆ ಸ್ಪೀಕರ್ ಪೆಟ್ಟಿಗೆಯ ಮುಂದೆಯೇ ಬಿದ್ದಿತ್ತು. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಅವಳು ಕಿವಿ ಮುಚ್ಚಿಕೊಂಡು ಎದ್ದುಬಿಟ್ಟಳು. ನಮ್ಮಲ್ಲಿ ಪಂಕ್ತಿಯ ಊಟವೆಂದರೆ ಎಲ್ಲರೂ ಒಟ್ಟಿಗೆ ಕೂರಬೇಕು, ಹಿರಿಯರು ಎದ್ದ ಮೇಲೆ ಒಟ್ಟಿಗೆ ಏಳಬೇಕು. ಮಧ್ಯದಲ್ಲಿ ಎದ್ದರೆ ಉಂಡವರಿಗೂ ಬಡಿಸಿದವರಿಗೂ ಅವಮಾನ. ದೇವಸ್ಥಾನದಲ್ಲಿ ನಲವತ್ತು ವರ್ಷ ಅರ್ಚಕರಾಗಿದ್ದ ನಮ್ಮ ಅಪ್ಪಯ್ಯ ಸಾಲಿನ ತಲೆಯಲ್ಲಿ ಕೂತಿದ್ದವರು, "ಕೂತ್ಕೊ!" ಎಂದು ಗದರಿದರು. ಅದು ಹತ್ತು ಜನಕ್ಕೆ ಕೇಳಿಸಿತ್ತು. ಉಳಿದವರಿಗೂ ಕೇಳಿಸುವಂತೆ ಮಾಡಿದವನು ನಾನು. ಮೈಕ್ ನನ್ನ ಕೈಯಲ್ಲೇ ಇತ್ತಲ್ಲ! "ಪಂಕ್ತಿಯಿಂದ ಎದ್ದಿರುವ ನನ್ನ ತಂಗಿ ದಯವಿಟ್ಟು ಕೂರಬೇಕಾಗಿ ವಿನಂತಿ" ಎಂದೆ. ಜನ ನಕ್ಕರು. ಜನ ನಕ್ಕದ್ದಕ್ಕೆ ನಾನೂ ಖುಷಿಪಟ್ಟೆ. ಸುಮಾ ನಲ್ಲಿಯಲ್ಲಿ ಕೈ ತೊಳೆದು, ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದಳು. ಆಮೇಲೆ ಸಾದಾ ಭಾನುವಾರಗಳಲ್ಲಿ ಮನೆಗೆ ಬಂದಿದ್ದಾಳೆಯೇ ಹೊರತು ಒಂದೇ ಒಂದು ಸಮಾರಂಭಕ್ಕೆ ಕಾಲಿಟ್ಟಿಲ್ಲ. ಆ ವಾಕ್ಯವನ್ನು ನೆನೆದಾಗಲೆಲ್ಲ ಈಗಲೂ ನನಗೆ ನಾಚಿಕೆಯಾಗುತ್ತದೆ.

ಈ ವರ್ಷ ಅಪ್ಪಯ್ಯನಿಗೆ ಎಂಬತ್ತು ತುಂಬಿ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಬೇಕೆಂದಾಯಿತು. ಸಾವಿರ ಹುಣ್ಣಿಮೆ ಕಂಡವರಿಗೆ ಮಕ್ಕಳು ಮಾಡಿಸುವ ಹೋಮ ಅದು. ಅಪ್ಪಯ್ಯ ಒಂದೇ ಷರತ್ತು ಹಾಕಿದರು. "ಸುಮಾ ಪಂಕ್ತಿಯಲ್ಲಿ ಕೂರಬೇಕು. ಅವಳು ಬರುದಿಲ್ಲ ಅಂತಾದ್ರೆ ನನಗೆ ಹೋಮವೂ ಬೇಡ, ಹೋಳಿಗೆಯೂ ಬೇಡ." ಹೋಳಿಗೆ ಬೇಡ ಎಂದು ಅವರು ಹೇಳಿದ್ದನ್ನು ನಾನು ಜೀವಮಾನದಲ್ಲಿ ಕೇಳಿದ್ದು ಅದೇ ಮೊದಲು. ವಿಷಯ ಗಂಭೀರವಾಗಿದೆ ಎಂದು ಗೊತ್ತಾಯಿತು.

ನಾನು ತಕ್ಷಣ ಕಾರ್ಯಪ್ರವೃತ್ತನಾದೆ. ಮೊಬೈಲಿನಲ್ಲಿ ಮೂರು ದಿನ ಓದಿದೆ. ಊಟದ ಹಾಲ್‌ನ ಪಕ್ಕದಲ್ಲಿ ಪಾತ್ರೆ ಇಡುವ ಕೋಣೆಯನ್ನು ಖಾಲಿ ಮಾಡಿಸಿ ಮಂದ ಬೆಳಕಿನ ಬಲ್ಬು ಹಾಕಿಸಿದೆ. ಬಾಗಿಲಿಗೆ "ಮೌನ ಕೊಠಡಿ" ಎಂದು ದಪ್ಪಕ್ಷರದಲ್ಲಿ ಬೋರ್ಡು ಬರೆಸಿದೆ. ಜೆಸಿಬಿ ಓಡಿಸುವವರು ಹಾಕಿಕೊಳ್ಳುವಂಥ ಕಿವಿಮುಚ್ಚುಕ ತಂದೆ. ಅವಳ ಬಗ್ಗೆ ನೆಂಟರಿಗೆಲ್ಲ ತಿಳಿವಳಿಕೆ ಕೊಡಲು ಇಪ್ಪತ್ತು ನಿಮಿಷದ ಒಂದು ಭಾಷಣವನ್ನೂ ತಯಾರಿಸಿದೆ, ಮೈಕಿನಲ್ಲಿ. ವೀಣಾ ಎಲ್ಲವನ್ನೂ ನೋಡಿ, "ಸುಮಾನ ಒಂದು ಮಾತು ಕೇಳಿದ್ರಾ?" ಎಂದಳು. ಕೇಳಿರಲಿಲ್ಲ. ಮೂರು ದಿನ ಓದುವುದರಲ್ಲಿ ಪುರುಸೊತ್ತೇ ಆಗಿರಲಿಲ್ಲ.

ಕೇಳಿದ್ದಕ್ಕೆ ಅವಳು ಎಸ್ಟೇಟಿನ ಗೆರೆ ಹಾಳೆಯಲ್ಲಿ ಐದು ಸಾಲು ಬರೆದು ಫೋಟೋ ಕಳಿಸಿದಳು. ಒಂದು, ಊಟ ಎಷ್ಟು ಗಂಟೆಗೆ ಎಂದು ಹೇಳಬೇಕು. "ಹೋಮ ಮುಗಿದ ಮೇಲೆ" ಎನ್ನುವುದು ಗಂಟೆ ಅಲ್ಲ. ಎರಡು, ನನ್ನ ಎಲೆ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ ಇರಬೇಕು. ಮೂರು, "ನಾನ್ಯಾರು ಹೇಳು ನೋಡುವ" ಎಂದು ಯಾರೂ ಕೇಳಬಾರದು. ನಾಲ್ಕು, ಮೈಕ್ ಬೇಡ. ಐದು, ನಾನು ಎದ್ದು ಹೋದರೆ ಯಾರೂ ಹಿಂದೆ ಬರಬಾರದು. ಇಷ್ಟೇ. ಕಿವಿಮುಚ್ಚುಕದ ಬಗ್ಗೆ ಕೆಳಗೆ ಸಣ್ಣಕ್ಕೆ, "ನನ್ನ ಹತ್ತಿರ ಒಳ್ಳೇದೇ ಉಂಟು, ಅದನ್ನ ಯಾರಿಗಾದ್ರೂ ಕೊಡು" ಎಂದಿತ್ತು. ಹನ್ನೊಂದು ವರ್ಷ ಒಂದು ಮನುಷ್ಯಜೀವವನ್ನು ದೂರವಿಟ್ಟದ್ದು ಈ ಐದು ಸಾಲು. ಓದಿ ನನಗೆ ಸಿಟ್ಟೇ ಬಂತು. ಇಷ್ಟನ್ನು ಮಾಡಲು ನಮಗೇನು ಧಾಡಿ ಎಂದು ನನ್ನ ಮೇಲೇ ಸಿಟ್ಟು.

ಆದರೆ ನನ್ನ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳಲು ಬೇರೆಯವರು ಸಿಕ್ಕಿದರೆ ಒಳ್ಳೆಯದು ತಾನೆ? ಚಿಕ್ಕಪ್ಪ ಸಿಕ್ಕಿದರು. ಕಂದಾಯ ಇಲಾಖೆಯಲ್ಲಿ ನಿವೃತ್ತರಾದ ಅವರಿಗೆ ಹೊಸದೇನನ್ನಾದರೂ ತಿರಸ್ಕರಿಸದೆ ಉಂಡದ್ದು ಅರಗುವುದಿಲ್ಲ. "ಒಬ್ಬಳಿಗೋಸ್ಕರ ಇನ್ನೂರು ಜನ ಬಾಯಿ ಮುಚ್ಚಿಕೊಂಡು ಕೂರ್ಬೇಕಾ? ಎಂತ ಕತೆ ಮಾರಾಯ ಇದು? ಶಾಂತಿಯೋ, ತಿಥಿಯೋ?" ಎಂದರು.

"ಚಿಕ್ಕಪ್ಪ, ನಿಮ್ಮೊಬ್ಬರ ಮೊಣಕಾಲಿಗೋಸ್ಕರ ಪ್ರತಿ ಸಲ ಟೇಬಲ್ ಹಾಕಿಸ್ತೇವೆ. ನಿಮ್ಮೊಬ್ಬರ ಶುಗರಿಗೆ ಬೇರೆ ಕಾಫಿ. ಆಗ ಇನ್ನೂರು ಜನರ ಒಪ್ಪಿಗೆ ಕೇಳಿದ್ದೇವಾ?"

"ಅದು ಬೇರೆ. ಅದು ಆರೋಗ್ಯದ ವಿಷಯ."

"ನಿಮ್ಮ ಮೊಣಕಾಲಿಗೆ ಇರುವ ಮರ್ಯಾದೆ ಅವಳ ಕಿವಿಗೂ ಉಂಟು. ಮೈಕ್ ಇಲ್ಲ ಅಂದ್ರೆ ಇಲ್ಲ. ಬರುವವರು ಬನ್ನಿ."

ಚಿಕ್ಕಪ್ಪನಿಗೆ ಹೀಗೆ ಎದುರು ಮಾತಾಡಿದ್ದು ನನ್ನ ಐವತ್ತೆರಡು ವರ್ಷದಲ್ಲಿ ಮೊದಲ ಸಲ. ಆ ಹುರುಪಿನಲ್ಲೇ ಪ್ರೆಸ್ಸಿಗೆ ಹೋಗಿ ಆಮಂತ್ರಣದ ಕೆಳಗೆ ಅಚ್ಚು ಹಾಕಿಸಿದೆ: "ವಿಶೇಷ ಸೂಚನೆ: ಮೈಕ್, ವಾಲಗ ಇರುವುದಿಲ್ಲ. ಊಟ 12.45ಕ್ಕೆ ಸರಿಯಾಗಿ. ದಯವಿಟ್ಟು ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳಬೇಕು."

ಶಾಂತಿಯ ದಿನ ಸುಮಾ ಬಂದಳು. ನೀಲಿ ಸೀರೆ, ಕಿವಿಯ ಮೇಲೆ ಅವಳದೇ ಹೆಡ್‌ಫೋನು, ಕೈಯಲ್ಲಿ ಆಮಂತ್ರಣ. ನೆಂಟರು ನನ್ನ ಸೂಚನೆಯನ್ನು ಸಿಕ್ಕಾಪಟ್ಟೆ ಶ್ರದ್ಧೆಯಿಂದ ಪಾಲಿಸಿದರು. ಎಪ್ಪತ್ತಾರು ವರ್ಷದ ಸೀತತ್ತೆ ಸ್ವಂತ ಅಣ್ಣನ ಮುಂದೆ ನಿಂತು, "ನಾನು ಸೀತ, ನಿನ್ನ ತಂಗಿ" ಎಂದರು. ಅಪ್ಪಯ್ಯ, "ಗೊತ್ತುಂಟು ಮಾರಾಯ್ತಿ, ಕೂತ್ಕೊ" ಎಂದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು ಕಿವಿಯಲ್ಲಿ, "ಇದು ಒಳ್ಳೇದಾಯ್ತು ನೋಡು. ಎರಡು ವರ್ಷದಿಂದ ಕಾಲಿಗೆ ಬೀಳುವವರಲ್ಲಿ ಅರ್ಧ ಜನರ ಗುರ್ತವೇ ಸಿಕ್ತಾ ಇರಲಿಲ್ಲ, ಸುಮ್ಮನೆ ಆಶೀರ್ವಾದ ಮಾಡ್ತಿದ್ದೆ" ಎಂದರು. ಯಾರಿಗೋಸ್ಕರ ಮಾಡಿದ್ದು ಯಾರಿಗೋ ದಕ್ಕಿತು.

ತೊಂದರೆಯಾದದ್ದು ಮೌನ ಕೊಠಡಿಯಲ್ಲಿ. ಹೋಮದ ಹೊಗೆ ಏರಿದಾಗ ಸುಮಾ ಅಲ್ಲಿಗೆ ಹೋಗಿ ಕೂತಳು. ಎರಡು ನಿಮಿಷ ಆಗಿರಲಿಲ್ಲ, ಸೀತತ್ತೆ ಬಾಗಿಲು ತೆರೆದು, "ಮೌನ ಸಾಕಾ ಮಗಳೇ? ಕಾಫಿ ತರಲಾ?" ಎಂದು ಕೇಳಿದರು. ಅವರು ಹೋದ ಮೇಲೆ ಇನ್ನೊಬ್ಬರು ಬೀಸಣಿಗೆ ತಂದರು. ಮತ್ತೊಬ್ಬರು, ಪಾಪ ಒಬ್ಬಳೇ ಇದ್ದಾಳಲ್ಲ ಎಂದು ಜೊತೆಗೆ ಕೂತು ಪಿಸುದನಿಯಲ್ಲಿ ತಮ್ಮ ಬೆನ್ನು ನೋವಿನ ಚರಿತ್ರೆ ಶುರುಮಾಡಿದರು. ನಮ್ಮ ಜನಕ್ಕೆ ಬಂದವರನ್ನು ಸುಮ್ಮನೆ ಬಿಟ್ಟು ಗೊತ್ತಿಲ್ಲ. ಮೌನ ಬೇಕೆಂದರೆ ಅದನ್ನೂ ಎರಡನೇ ಸಲ ಬಡಿಸಲು ಬರುತ್ತಾರೆ. ಕೊನೆಗೆ ನಾನೇ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಬಂದವರನ್ನೆಲ್ಲ, "ಒಳಗೆ ಪ್ರವೇಶ ಇಲ್ಲ, ಅವಳಿಗೆ ಸದ್ದು ಆಗುದಿಲ್ಲ!" ಎಂದು ಮೂಲೆಮೂಲೆಗೂ ಕೇಳುವಂತೆ ತಡೆದೆ.

ಹೋಮ ಹನ್ನೆರಡು ಇಪ್ಪತ್ತಕ್ಕೇ ಮುಗಿಯಿತು. ನಾನು ಯಾರನ್ನೂ ಎಲೆಯ ಮುಂದೆ ಕೂರಲು ಬಿಡಲಿಲ್ಲ. ಇಪ್ಪತ್ತೈದು ನಿಮಿಷ ಇನ್ನೂರು ಜನ ಗಡಿಯಾರ ನೋಡುತ್ತ ನಿಂತಿದ್ದರು. ಚಿಕ್ಕಪ್ಪನ ಮುಖ ನೋಡುವ ಹಾಗಿರಲಿಲ್ಲ. ಹನ್ನೆರಡೂಮುಕ್ಕಾಲಿಗೆ ಸರಿಯಾಗಿ ಪಂಕ್ತಿ ಕೂತಿತು. ಸುಮಾ ಸಾಲಿನ ತುದಿಯಲ್ಲಿ ಕೂತಳು, ಎಲೆಯ ಮೇಲೆ ಪಲ್ಯ ಒಂದು ಕಡೆ, ಕೋಸಂಬರಿ ಒಂದು ಕಡೆ, ಮಧ್ಯೆ ದಾರಿ. ಅಪ್ಪಯ್ಯ ಆ ತುದಿಯಿಂದ ಈ ತುದಿಗೆ ಕುತ್ತಿಗೆ ಬಗ್ಗಿಸಿ ಅವಳನ್ನು ನೋಡಿ, ಆಮೇಲೆ ಅನ್ನಕ್ಕೆ ಕೈ ಹಾಕಿದರು. ಸಾರು, ಹುಳಿ ಆಯಿತು. ಹೋಳಿಗೆ ಬರತೊಡಗಿತು. ಗೆದ್ದೆ ಎಂದುಕೊಂಡೆ.

ಆಗ ಬಡಿಸುತ್ತಿದ್ದವರೊಬ್ಬರ ಕೈಯಿಂದ ಹುಳಿಯ ಸ್ಟೀಲ್ ಬಕೆಟ್ಟು ಸಿಮೆಂಟು ನೆಲಕ್ಕೆ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಸುಮಾ ಎದ್ದುಬಿಟ್ಟಳು. ಎರಡು ಕೈಯನ್ನೂ ಹೆಡ್‌ಫೋನಿಗೆ ಒತ್ತಿಕೊಂಡಿದ್ದಳು, ಬಲಗೈಯಲ್ಲಿ ಅನ್ನ ಹಾಗೇ ಇತ್ತು. ಟೇಬಲಿನಿಂದ ಚಿಕ್ಕಪ್ಪ, "ಪಂಕ್ತಿ ಮಧ್ಯೆ ಏಳುದಾ!" ಎಂದರು. ಹನ್ನೊಂದು ವರ್ಷದ ಹಿಂದಿನ ಆ ಗಳಿಗೆ ಮತ್ತೆ ಬಂದು ನಿಂತಿತ್ತು. ಎಲ್ಲರೂ ಅಪ್ಪಯ್ಯನ ಕಡೆ ನೋಡಿದರು.

ಅಪ್ಪಯ್ಯ ಎಲೆ ನೋಡಿದರು. ಹೋಳಿಗೆ ಆಗಷ್ಟೇ ಬಿದ್ದಿತ್ತು, ತುಪ್ಪ ಇನ್ನೂ ಹರಿಯುತ್ತಿತ್ತು. ನಿಧಾನವಾಗಿ ಅಂಗೈಗೆ ನೀರು ಹಾಕಿಸಿಕೊಂಡು ಮಂತ್ರ ಹೇಳಿ ಕುಡಿದರು. ಊಟ ಮುಗಿಯಿತು ಎನ್ನುವುದಕ್ಕೆ ಕುಡಿಯುವ ನೀರು ಅದು. ಕುಡಿದ ಮೇಲೆ ಆ ಎಲೆಯನ್ನು ಮುಟ್ಟುವಂತಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ನಿಂತರು. "ನಂದಾಯ್ತು" ಎಂದರು. "ನನ್ನ ಮಗಳು ಮೊದಲು ಎದ್ದದ್ದಲ್ಲ. ನಾನು ಎದ್ದದ್ದು. ಯಾರಿಗಾದ್ರೂ ಎಂತಾದ್ರೂ ಹೇಳುದುಂಟಾ?"

ಹಿರಿಯರು ಎದ್ದ ಮೇಲೆ ಎಲ್ಲರೂ ಏಳಬೇಕಲ್ಲ, ಆದರೆ ಹೋಳಿಗೆ? ಇನ್ನೂರು ಜನ ಅರ್ಧ ಎದ್ದು ಅರ್ಧ ಕೂತು ಒದ್ದಾಡುತ್ತಿದ್ದಾಗ ಸೀತತ್ತೆ ಅಲ್ಲಿಂದಲೇ, "ಅಣ್ಣ ಏಳಲಿ, ನಾನು ಹೋಳಿಗೆ ತಿಂದೇ ಏಳುದು. ತುಪ್ಪ ಈಚೆ ತನ್ನಿ" ಎಂದರು. ಅಲ್ಲಿಗೆ ನಮ್ಮ ಮನೆತನದ ಪಂಕ್ತಿಯ ನಿಯಮ ಎರಡು ತುದಿಯಿಂದಲೂ ಮುರಿದುಬಿತ್ತು. ಏಳುವವರು ಎದ್ದರು, ಉಣ್ಣುವವರು ಉಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. ಚಿಕ್ಕಪ್ಪ ಎರಡು ಹೋಳಿಗೆ ತಿಂದದ್ದನ್ನು ನಾನು ಕಣ್ಣಾರೆ ಕಂಡೆ, ಶುಗರಿದ್ದೂ.

ಸುಮಾ ಮೌನ ಕೊಠಡಿಗೆ ಹೋದಳು. ಬಾಗಿಲಲ್ಲಿ ಅವಳು ತಿರುಗಿ ತಲೆಯಾಡಿಸಿದ್ದು ಅಪ್ಪಯ್ಯನಿಗೆ ಮಾತ್ರ. ಅವರೂ ಒಳಗೆ ಹೋದರು. ನಾನು ಐದು ನಿಮಿಷ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ಎರಡು ಲೋಟ ಪಾಯಸ ಹಿಡಿದು ಬಾಗಿಲು ತಳ್ಳಿದೆ. ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಅಪ್ಪಯ್ಯ, "ಹೂಮಳೆ ಎಷ್ಟು ಬಿತ್ತು ನಿಮ್ಮಲ್ಲಿ?" ಎಂದು, ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆಯ ಬಗ್ಗೆ ಕೇಳುತ್ತಿದ್ದರು. "ಒಂದು ಇಂಚು ಹನ್ನೆರಡು ಸೆಂಟು. ಮರುದಿನ ನಲವತ್ತು ಸೆಂಟು," ಎಂದಳು ಸುಮಾ. ಗದರಿದ್ದಕ್ಕೆ ಅಪ್ಪಯ್ಯ ಕ್ಷಮೆ ಕೇಳಿದ್ದು ಹೀಗೆ, ಅವಳು ಕ್ಷಮಿಸಿದ್ದೂ ಹೀಗೆ ಎಂದು ನನಗೆ ಅರ್ಥವಾಯಿತು. ಕಣ್ಣು ಮಂಜಾಯಿತು. ನನ್ನ ಮೈಕಿನ ಮಾತಿಗೂ ಈಗಲೇ ಕ್ಷಮೆ ಕೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

"ಅಣ್ಣ, ಐದನೇ ನಂಬರು," ಎಂದಳು ಸುಮಾ.

"ಬಾಗಿಲು ಹಾಕ್ಕೊಂಡು ಹೋಗು," ಎಂದರು ಅಪ್ಪಯ್ಯ.

ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಆಚೆಯಿಂದ ಸೀತತ್ತೆ ತಟ್ಟೆಯಲ್ಲಿ ಹೋಳಿಗೆ ಹಿಡಿದು ಬರುತ್ತಿದ್ದರು, ಅವರ ಹಿಂದೆ ಇನ್ನೂ ನಾಲ್ಕು ಜನ. ನಾನು ಎದ್ದು ನಿಂತೆ. ಇನ್ನು ಬಿಡುವ ಮಾತೇ ಇಲ್ಲ. "ಇವತ್ತಿನಿಂದ ನಮ್ಮ ಮನೆಯ ಯಾವ ಪಂಕ್ತಿಯಲ್ಲೂ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಏಳಬಹುದು! ಎದ್ದವರ ಹಿಂದೆ ಯಾರೂ ಹೋಗುವ ಹಾಗಿಲ್ಲ! ಒಪ್ಪದವರು ನಮ್ಮಲ್ಲಿಗೆ ಉಣ್ಣಲಿಕ್ಕೆ ಬರುದೇ ಬೇಡ!" ಎಂದು ಘೋಷಿಸಿದೆ. ಕೈ ತೊಳೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಚಪ್ಪಾಳೆ ಬೀಳಬಹುದು ಎಂದು ಒಂದು ಗಳಿಗೆ ಕಾದೆ.

ಬಾಗಿಲ ಒಳಗಿನಿಂದ ಸುಮಾಳ ದನಿ ಬಂತು.

"ಅಣ್ಣ, ನಾಲ್ಕನೇ ನಂಬರು."

ಎರಡೂ ಲೋಟದ ಪಾಯಸವನ್ನು ನಾನೇ ಕುಡಿದೆ, ಸದ್ದಿಲ್ಲದೆ.